ಕರೆದರೆ ಬರುವ ನಾಯಿ

ಮಹಾಭಾರತದ ಆದಿಪರ್ವದಲ್ಲಿ, ಮುಖ್ಯಕಥೆ ಇನ್ನೂ ಮೊದಲಾಗುವುದಕ್ಕೆ ಮುಂಚೆಯೇ, ಒಂದು ನಾಯಿಮರಿಯ ದೂರು ಬರುತ್ತದೆ. ಜನಮೇಜಯನು ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ನಡೆಸುತ್ತಿರಲು, ಅಲ್ಲಿಗೆ ಬಂದ ಸರಮೆಯ ಮಗನನ್ನು ಅರಸನ ತಮ್ಮಂದಿರು ಹೊಡೆದರು. ತಾನು ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲವೆಂದು ಮರಿಯು ತಾಯಿಯೊಡನೆ ಹೇಳಿಕೊಂಡಿತು. ಹೊಡೆದುದೇತಕ್ಕೆಂದು ಸರಮೆಯು ಬಂದು ಕೇಳಿದರೆ ಉತ್ತರ ಹೇಳುವವರಿಲ್ಲ. ನಿರಪರಾಧಿಯನ್ನು ಹೊಡೆದವರಿಗೆ ಕಾಣದ ಭಯವು ಬಂದೊದಗುವುದೆಂದು ಆಕೆ ಶಪಿಸಿದಳು. ಹಲವು ವರ್ಷ ಈ ಭಾಗವನ್ನು ಹುಡುಗರಿಗೆ ಪಾಠ ಹೇಳಿದ ನಾವು ಅದರ ಅರ್ಥವನ್ನು ಕಲಿತುದು ನಮ್ಮ ಮನೆಯ ನಾಯಿಯಿಂದ.

ಆ ನಾಯಿ ಒಂದು ದಿನ ಅಂಗಳದಲ್ಲಿ ಒಣಹಾಕಿದ್ದ ಹಪ್ಪಳಗಳನ್ನು ತಿಂದು ತೋಟಕ್ಕೆ ಹೋಯಿತು. ಕಾಲುಗಂಟೆಯ ಮೇಲೆ ಸಂಗತಿ ತಿಳಿದು "ಬಾ" ಎಂದು ಕರೆದೆವು. ಬಾಲವಾಡಿಸುತ್ತ ಬಂದಿತು, ಬೆತ್ತದಿಂದ ಎರಡು ಕೊಟ್ಟೆವು. ಹಪ್ಪಳದ ಅಪರಾಧಕ್ಕೆ ಶಿಕ್ಷೆಯಾಯಿತೆಂದು ನಮ್ಮ ಎಣಿಕೆ. ನಾಯಿಯ ಎಣಿಕೆ ಬೇರೆ. ಬೆತ್ತ ಬೀಳುವುದಕ್ಕೆ ಮುಂಚಿನ ಕ್ಷಣದಲ್ಲಿ ಅದು ಮಾಡಿದ ಕಾರ್ಯವೆಂದರೆ ಕರೆದಾಗ ಬಂದುದೇ ಅಷ್ಟೆ! ಹೀಗೆ ಇನ್ನೂ ಎರಡು ಮೂರು ಸಲ ನಡೆಯಿತು. ಕೆಲವು ವಾರಗಳ ತರುವಾಯ, ಬಾಗಿಲು ತೆರೆದಿದ್ದುದನ್ನು ಕಂಡು ಅದು ಬೀದಿಗೆ ನುಗ್ಗಿತು. ತಿರುವಿನಿಂದ ಒಂದು ಲಾರಿ ಬರುತ್ತಿದ್ದಿತು. ನಾವು "ಬಾ, ಬಾ" ಎಂದು ಕೂಗಿದಷ್ಟೂ ನಾಯಿ ಕಿವಿ ಮಡಿಚಿ, ಹಿಂದು ಹಿಂದಕ್ಕೆ, ರಸ್ತೆಯ ನಡುವಿಗೇ ಸರಿಯಿತು. ಚಾಲಕನ ಎಚ್ಚರದಿಂದ ಅದರ ಪ್ರಾಣ ಉಳಿಯಿತು.

ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರಷ್ಯಾ ದೇಶದ ಪಾವ್ಲೋವ್ ಎಂಬ ವಿದ್ವಾಂಸರು, ಆಹಾರಕ್ಕೆ ಮುಂಚೆ ಒಂದು ಸಂಜ್ಞೆಯನ್ನು ಮತ್ತೆ ಮತ್ತೆ ಕೊಡುತ್ತ ಬಂದರೆ ಕಡೆಗೆ ಆ ಸಂಜ್ಞೆಯಿಂದಲೇ ನಾಯಿಯ ಬಾಯಲ್ಲಿ ನೀರೂರುವುದೆಂದು ತೋರಿಸಿಕೊಟ್ಟರು. ನಾವಾದರೋ "ಬಾ" ಎಂಬುದನ್ನು ಬೆತ್ತದ ಸಂಜ್ಞೆಯಾಗಿ ಮಾಡಿಟ್ಟಿದ್ದೆವು.

ಕೆಟ್ಟುಹೋದ ಶಬ್ದವನ್ನು ತಿದ್ದುವುದಕ್ಕಿಂತ ಹೊಸದನ್ನು ಹಿಡಿಯುವುದು ಸುಲಭ. ನಾವು ಸಂಸ್ಕೃತದ "ಏಹಿ" ಎಂಬುದನ್ನು ಆರಿಸಿದೆವು. ಮನೆಯವರು ನಕ್ಕರು, ಆದರೆ ದಿನದ ಮಾತಿನಲ್ಲಿ ಬಾರದ ಶಬ್ದವಾದುದರಿಂದ ಅನುಕೂಲವೇ ಆಯಿತು. ಮೊದಲು ಎರಡು ಹೆಜ್ಜೆ ದೂರದಲ್ಲಿ ನಿಂತು ಒಂದೇ ಸಲ ಹೇಳುವುದು. ಬಂದ ಕ್ಷಣದಲ್ಲಿಯೇ ಕಡಲೆ ಗಾತ್ರದ ಚಪಾತಿಯ ಚೂರನ್ನು ಕೊಡುವುದು. ಬಳಿಕ ಅಂಗಳದ ಆಚೆಯಿಂದ. ಆಮೇಲೆ ಕೊರಳಪಟ್ಟಿಗೆ ಉದ್ದನೆಯ ಹಗ್ಗವನ್ನು ಕಟ್ಟಿ ತೋಟದಲ್ಲಿ. ಹಗ್ಗವಿರುವುದು ಓಡಿಹೋಗದಿರಲೆಂದು, ಎಳೆದು ತರುವುದಕ್ಕಲ್ಲ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. ಬಂದ ನಾಯಿಯನ್ನು ಪ್ರತಿಸಲವೂ ಕಟ್ಟಿಹಾಕಕೂಡದು. ಅದರ ಮಟ್ಟಿಗೆ ಅದೂ ಶಿಕ್ಷೆಯೇ. ಸ್ನಾನಕ್ಕಾಗಲಿ ಔಷಧಕ್ಕಾಗಲಿ ಆ ಶಬ್ದದಿಂದ ಕರೆಯದೆ, ನಾವೇ ಹೋಗಿ ಹಿಡಿದು ತರತಕ್ಕದ್ದು.

ಕೂರಿಸುವ ಪಾಠ ಇಷ್ಟು ಕಷ್ಟವಲ್ಲ. ತಿಂಡಿಯನ್ನು ಮೂಗಿನ ಬಳಿ ಹಿಡಿದು ಮೆಲ್ಲನೆ ತಲೆಯ ಮೇಲಿಂದ ಹಿಂದಕ್ಕೆ ಒಯ್ದರೆ, ಮೂಗು ಮೇಲೇರಿದಂತೆ ಹಿಂಭಾಗವು ತಾನಾಗಿ ನೆಲಕ್ಕೆ ತಾಗುವುದು. ಆಗ "ಕೂರು" ಎನ್ನಬೇಕು. ಕಷ್ಟವಿರುವುದು ಮನೆಮಂದಿಯನ್ನು ಪಳಗಿಸುವುದರಲ್ಲಿ. ಒಬ್ಬರು "ಕೂರು" ಎಂದು, ಇನ್ನೊಬ್ಬರು "ಕುಕ್ಕರಿಸು" ಎಂದು, ಮಕ್ಕಳು "ಸಿಟ್" ಎಂದು ಹೇಳುತ್ತಿದ್ದರೆ ನಾಯಿ ಯಾರ ಶಾಲೆಗೆ ಹೋಗಬೇಕು?

ನಮ್ಮ ನಾಯಿ ಎರಡು ತಿಂಗಳಲ್ಲಿ "ಏಹಿ" ಎಂದರೆ ತೋಟದ ಬೇಲಿಯಿಂದ ಓಡಿಬರುವಂತಾಯಿತು. ಆದರೆ ಇಂದಿಗೂ ಮನೆಗೆ ಬಂದ ನೆಂಟರನ್ನು ಯಾರಾದರೂ "ಬಾ, ಬಾ" ಎಂದು ಗಟ್ಟಿಯಾಗಿ ಕರೆದರೆ, ಅದು ಎದ್ದು ಮಂಚದ ಅಡಿಗೆ ಹೋಗುವುದು.