ಅನ್ನವಿತ್ತರೆ ಸಾಲದು, ಅಭಯವೂ ಬೇಕು

ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಬಳಸಿ ಉತ್ತರಕ್ಕೆ ಸ್ವಲ್ಪ ದೂರ ನಡೆದರೆ ಜಿನನಾಥಪುರ ಸಿಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಈ ಸಣ್ಣ ಊರಿನಲ್ಲಿ ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಿದೆ. ಗೊಮ್ಮಟನ ದರ್ಶನಕ್ಕೆ ಬರುವ ಜನಸಾಗರದಲ್ಲಿ ಈ ಬಸದಿಯ ಹೊರಗೋಡೆಯ ಶಿಲ್ಪಗಳನ್ನು ನೋಡಿ ಹೋಗುವವರು ಕೆಲವರು ಮಾತ್ರ. ಈ ಪರಿಸರವನ್ನು ಕಟ್ಟಿ ಬೆಳೆಸಿದ ಜೈನ ಪರಂಪರೆ ದಾನಿಗಳನ್ನು ಹೊಗಳುವಾಗ ನಾಲ್ಕು ದಾನಗಳನ್ನು ಒಟ್ಟಿಗೆ ಹೇಳುತ್ತದೆ: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಅನ್ನ, ಔಷಧಿ, ತಿಳಿವಳಿಕೆ ಇವು ಮೂರೂ ದಾನಗಳೆಂಬುದನ್ನು ಯಾರೂ ಒಪ್ಪುತ್ತಾರೆ. ಅಭಯವೂ ಒಂದು ದಾನ, ಭಯವಿಲ್ಲದೆ ಬದುಕುವ ಸ್ಥಿತಿಯನ್ನು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕೊಡಬಲ್ಲ ಎಂಬುದು ನಮ್ಮನ್ನು ನಿಲ್ಲಿಸಿ ಯೋಚನೆಗೆ ಹಚ್ಚುವ ಮಾತು.

ಇಂದು ನಾವು ಈ ಅಂಕಣದಲ್ಲಿ ಪ್ರಸ್ತಾಪಿಸಬೇಕೆಂದಿರುವುದು ಈ ಅಭಯದ ಕೊರತೆಯನ್ನೇ. ಮಕ್ಕಳ ರಕ್ಷಣೆಯ ವಿಷಯದಲ್ಲಿ ನಮ್ಮ ಸಮಾಜ ತಡವಾಗಿಯಾದರೂ ಎಚ್ಚೆತ್ತಿದೆ. ಆದರೆ ವಯಸ್ಸಿನಲ್ಲಿ ದೊಡ್ಡವರಾಗಿದ್ದೂ ತಮ್ಮನ್ನು ತಾವು ರಕ್ಷಿಸಿಕೊಳ್ಳಲಾರದವರು ಅನೇಕರಿದ್ದಾರೆ. ಹಾಸಿಗೆ ಹಿಡಿದ ವೃದ್ಧರು, ಮರೆವಿನ ಕಾಯಿಲೆಯವರು, ಬುದ್ಧಿಮಾಂದ್ಯರು, ಮನೋರೋಗಿಗಳು, ದಿಕ್ಕಿಲ್ಲದೆ ಬೀದಿಗೆ ಬಿದ್ದವರು ಇವರೆಲ್ಲ ಇನ್ನೊಬ್ಬರ ಕೈಯನ್ನೇ ನಂಬಿ ಬದುಕುವವರು. ಆ ಕೈ ಉಣಿಸಬಹುದು, ಹೊಡೆಯಲೂಬಹುದು. ಉಣಿಸುವ ಕೈಯೇ ಹೊಡೆದಾಗ ದೂರು ಹೇಳುವವರು ಯಾರು? ಯಾರಲ್ಲಿ ಹೇಳಬೇಕು?

ಸುಮನಹಳ್ಳಿಯ ಪಾಠ

ನಮ್ಮ ರಾಜ್ಯ ಮರೆಯಬಾರದ ಒಂದು ಘಟನೆಯಿದೆ. 2010ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿರುವ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಪತ್ರಿಕೆಗಳು ವಿಚಾರಿಸತೊಡಗಿದ ಮೇಲೆ, ಆ ವರ್ಷದ ಜನವರಿಯಿಂದ ಅಲ್ಲಿ ಸತ್ತವರ ಸಂಖ್ಯೆ ಇನ್ನೂರನ್ನು ಮೀರಿತ್ತೆಂಬ ಸಂಗತಿ ಹೊರಬಿದ್ದಿತು. ಆಗ ಆ ಕೇಂದ್ರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಇರಿಸಲಾಗಿತ್ತು. ಅವರಲ್ಲಿ ವೃದ್ಧರಿದ್ದರು, ರೋಗಿಗಳಿದ್ದರು, ಮಾನಸಿಕ ಅಸ್ವಸ್ಥರಿದ್ದರು.

ಈ ಕೇಂದ್ರ ಕಾನೂನಿಗೆ ಹೊರತಾದದ್ದಲ್ಲ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಅನ್ವಯ ನಡೆಯುವ ಸಂಸ್ಥೆಯದು. ಇದರ ವೆಚ್ಚಕ್ಕೆಂದೇ ಕಟ್ಟಡ ಮತ್ತು ನಿವೇಶನಗಳ ತೆರಿಗೆಯ ಮೇಲೆ ಶೇಕಡ 3ರಷ್ಟು ಕರವನ್ನು ಸ್ಥಳೀಯ ಸಂಸ್ಥೆಗಳು ಜನರಿಂದ ವಸೂಲು ಮಾಡುತ್ತವೆ. ಹಾಸನ, ಹೊಳೆನರಸೀಪುರ, ಅರಕಲಗೂಡುಗಳಲ್ಲಿ ಮನೆ ಕಂದಾಯ ಕಟ್ಟುವವರು ರಸೀದಿಯನ್ನು ಒಮ್ಮೆ ಗಮನವಿಟ್ಟು ನೋಡಲಿ. ಹಾಗಾದರೆ ಅಲ್ಲಿ ಕಟ್ಟಡವಿತ್ತು, ಸಿಬ್ಬಂದಿಯಿತ್ತು, ಕಾಯ್ದೆಯಿತ್ತು, ಸಾರ್ವಜನಿಕರ ಹಣವಿತ್ತು. ಇಲ್ಲದೆ ಹೋದದ್ದೇನು? ಸಾವುಗಳ ಲೆಕ್ಕ ಕೊನೆಗೆ ಸಿಕ್ಕಿತೆಂದರೆ ಅದನ್ನು ಎಲ್ಲಿಯೋ ಬರೆದಿಡಲಾಗಿತ್ತೆಂದೇ ಅರ್ಥ. ಜನವರಿಯಲ್ಲಿ ಸತ್ತವನ ಹೆಸರಿನ ಎದುರು ನಿಂತು, ಇವನು ಏಕೆ ಸತ್ತ ಎಂದು ಫೆಬ್ರವರಿಯಲ್ಲಿ ಗಟ್ಟಿಯಾಗಿ ಕೇಳುವವರಿರಲಿಲ್ಲ. ಆಶ್ರಯ ಕೊಟ್ಟೆವೆಂಬ ಸಮಾಧಾನದಲ್ಲಿ ಸಮಾಜ ಬಾಗಿಲು ಮುಚ್ಚಿಕೊಂಡಿತ್ತು.

ಇದಕ್ಕೂ ಮೊದಲು, 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಖಾಸಗಿ ಮಾನಸಿಕ ಆರೈಕೆ ಕೇಂದ್ರವೊಂದಕ್ಕೆ ಬೆಂಕಿ ಬಿದ್ದಾಗ 28 ಮಂದಿ ಸತ್ತರು. ಅವರನ್ನು ಸರಪಳಿಯಿಂದ ಬಿಗಿಯಲಾಗಿತ್ತು. ಓಡಲಾರದೆ ಅವರು ಸುಟ್ಟುಹೋದರು. ಅವರನ್ನು ಅಲ್ಲಿ ಬಿಟ್ಟು ಬಂದವರು ಮನೆಯವರೇ. ದರ್ಗಾದ ಸನ್ನಿಧಿಯಲ್ಲಿ ಗುಣವಾದೀತೆಂಬ ನಂಬಿಕೆಯಿಂದ ಬಿಟ್ಟುಬಂದ ಬಡವರೂ ಅವರಲ್ಲಿದ್ದರು.

ಇದೆಲ್ಲ ಬಡದೇಶದ ಕಥೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬಳಿ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಿತ್ತು. ಕಲಿಕೆಯ ನ್ಯೂನತೆಯುಳ್ಳ ವಯಸ್ಕರಿಗೆ ಅಲ್ಲಿ ನಡೆಯುತ್ತಿದ್ದ ಹಿಂಸೆಯನ್ನು 2011ರಲ್ಲಿ ಬಿಬಿಸಿ ಗುಪ್ತವಾಗಿ ಚಿತ್ರೀಕರಿಸಿ ತೋರಿಸಿತು. ಹನ್ನೊಂದು ಮಂದಿ ನೌಕರರ ಅಪರಾಧ ಸಾಬೀತಾಗಿ, ಅವರಲ್ಲಿ ಆರು ಜನ ಸೆರೆಮನೆ ಸೇರಿದರು. ಅದಕ್ಕಿಂತ ಮುಂಚೆಯೇ ಅಲ್ಲಿನ ಒಬ್ಬ ಹಿರಿಯ ದಾದಿ ಮೇಲ್ವಿಚಾರಣೆಯ ಸಂಸ್ಥೆಗೆ ತಿಳಿಸಿದ್ದರೂ ಅದು ಕಿವಿಗೊಟ್ಟಿರಲಿಲ್ಲ. ಅಲ್ಲಿ ಹಣದ ಕೊರತೆಯಿರಲಿಲ್ಲ, ಹೇಳುವವರ ಕೊರತೆಯೂ ಇರಲಿಲ್ಲ. ಕೇಳುವವರ ಕೊರತೆಯಿತ್ತು.

ಗಾಯ ಕಾಣದ ಹಿಂಸೆ

ಹಿಂಸೆಯೆಂದರೆ ಬಾಸುಂಡೆ ಮಾತ್ರವಲ್ಲ. ಹಾಸಿಗೆ ಒದ್ದೆಯಾದೀತೆಂದು ಸಂಜೆಯ ಮೇಲೆ ಮುದುಕರಿಗೆ ನೀರು ಕೊಡದಿರುವುದು ಹಿಂಸೆ. ಗಲಾಟೆ ಮಾಡದಿರಲೆಂದು ವೈದ್ಯರು ಬರೆದುಕೊಡದ ನಿದ್ರೆ ಮಾತ್ರೆ ನುಂಗಿಸುವುದು ಹಿಂಸೆ. ಮಲಗಿದಲ್ಲೇ ಇರುವ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಮಲಗಿಸಬೇಕೆಂಬುದು ಶುಶ್ರೂಷೆಯ ಸಾಮಾನ್ಯ ನಿಯಮ. ಅದನ್ನು ಮಾಡದೆ ಬೆನ್ನಿನ ಮೇಲೆ ಹಾಸಿಗೆ ಹುಣ್ಣು ಆಳಕ್ಕಿಳಿಯಗೊಡುವುದು, ಕೈಯೆತ್ತದೆಯೇ ಮಾಡಿದ ಹಿಂಸೆ. ವಯಸ್ಸಾದ ಹೆಂಗಸನ್ನು ಬಾಗಿಲು ತೆರೆದಿಟ್ಟು ಸ್ನಾನ ಮಾಡಿಸುವುದು, ಎಲ್ಲರೆದುರಿಗೆ ಏಕವಚನದಲ್ಲಿ ಗದರುವುದು, ಸಂಧ್ಯಾ ಸುರಕ್ಷಾ ಪಿಂಚಣಿಯ ಹಣವನ್ನು ಹೆಬ್ಬೆಟ್ಟು ಒತ್ತಿಸಿ ತೆಗೆದುಕೊಂಡು ಎಲೆಯಡಿಕೆಗೂ ಕಾಸು ಕೊಡದಿರುವುದು, ಇವೆಲ್ಲ ಅದೇ ಸಾಲಿಗೆ ಸೇರುತ್ತವೆ.

ಅರವತ್ತು ದಾಟಿದವರಲ್ಲಿ ಆರರಲ್ಲೊಬ್ಬರು ವರ್ಷವೊಂದರಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ತುತ್ತಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆರೈಕೆ ಸಂಸ್ಥೆಗಳ ಸಿಬ್ಬಂದಿಯನ್ನೇ ಕೇಳಿದಾಗ ಮೂವರಲ್ಲಿ ಇಬ್ಬರು, ಹಿಂದಿನ ಒಂದು ವರ್ಷದಲ್ಲಿ ತಮ್ಮಿಂದ ಅಂಥ ವರ್ತನೆ ನಡೆದುದುಂಟು ಎಂದು ಒಪ್ಪಿಕೊಂಡಿರುವುದಾಗಿಯೂ ಅದೇ ಸಂಸ್ಥೆ ಹೇಳಿದೆ. ಈ ಎರಡನೆಯ ಅಂಕಿಯನ್ನು ಓದುವಾಗ ಸಿಬ್ಬಂದಿಯೆಲ್ಲರೂ ಕ್ರೂರಿಗಳೆಂದು ತೀರ್ಮಾನಿಸುವುದು ಅನ್ಯಾಯ. ರಾತ್ರಿಪಾಳಿಯಲ್ಲಿ ಒಬ್ಬಳೇ ಆಯಾ ಹತ್ತಾರು ರೋಗಿಗಳನ್ನು ನೋಡಿಕೊಳ್ಳಬೇಕಾದಾಗ, ಸಂಬಳ ಅಲ್ಪವಾಗಿ ರಜೆಯೂ ಇಲ್ಲದಾಗ, ತಾಳ್ಮೆಯೆಂಬುದು ಸೋರಿಹೋಗುತ್ತದೆ. ದಣಿದವರಿಂದ ದಯೆಯನ್ನು ಹಿಂಡಿ ತೆಗೆಯಲಾಗದು. ಆದ್ದರಿಂದ ಆರೈಕೆ ಮಾಡುವವರ ಆರೈಕೆಯೂ ರಕ್ಷಣೆಯ ಭಾಗವೇ ಆಗಿದೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ಒಬ್ಬಳೇ ನೋಡಿಕೊಳ್ಳುವ ಸೊಸೆಗೂ ಈ ಮಾತು ಅನ್ವಯಿಸುತ್ತದೆ. ವಾರಕ್ಕೊಂದು ದಿನ ಅವಳನ್ನು ಬಿಡಿಸಿ ಆ ಕೆಲಸಕ್ಕೆ ನಿಲ್ಲುವ ನಾದಿನಿಯೋ ಮೈದುನನೋ ಇಬ್ಬರನ್ನು ಉಳಿಸಿದಂತಾಗುತ್ತದೆ.

ಇಂಥ ಹಿಂಸೆ ಹೊರಗೆ ಬರುವುದು ಅಪರೂಪ. ನಾವು ರೋಗಿಗಳನ್ನು ಕಾಣಲು ಮನೆಗಳಿಗೆ ಹೋದಾಗ, 'ಹೇಗಿದ್ದೀರಿ ಅಜ್ಜಿ?' ಎಂದು ಕೇಳಿದರೆ, ಉತ್ತರಿಸುವ ಮೊದಲು ಅವರ ಕಣ್ಣು ಬಾಗಿಲ ಬಳಿ ನಿಂತವರ ಕಡೆಗೆ ಹೊರಳುವುದನ್ನು ಕಂಡಿದ್ದೇವೆ. 'ಚೆನ್ನಾಗಿದ್ದೀನಿ ಸ್ವಾಮಿ' ಎಂಬ ಉತ್ತರಕ್ಕಿಂತ ಆ ನೋಟ ಹೆಚ್ಚು ಹೇಳುತ್ತದೆ. ಹೇಳಿದರೆ ನಾಳೆ ಊಟ ಹಾಕುವವರಾರು ಎಂಬ ಭಯ, ಮಗನ ಮಾನ ಹೋದೀತೆಂಬ ಮಮತೆ, ಹೇಳಿದರೂ ನಂಬುವವರಿಲ್ಲವೆಂಬ ನಿರಾಶೆ, ಇವು ಮೂರು ಬೀಗಗಳು. ಎಲ್ಲಕ್ಕಿಂತ ದೊಡ್ಡ ಬೀಗ ಇನ್ನೊಂದಿದೆ: ತಾನು ಈಗ ಯಾರಿಗೂ ಬೇಡವಾದವಳು, ತನಗೆ ಸಿಕ್ಕಿದ್ದೇ ಹೆಚ್ಚು ಎಂದು ಆಕೆಯೇ ನಂಬಿಬಿಟ್ಟಿರುವುದು.

ಈ ನಂಬಿಕೆ ಸುಳ್ಳು. ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಬೆಲೆ ಮತ್ತು ಘನತೆಗಳ ನಡುವೆ ಗೆರೆ ಎಳೆದು ತೋರಿಸಿದ. ಬೆಲೆಯುಳ್ಳ ವಸ್ತುವಿನ ಬದಲಿಗೆ ಇನ್ನೊಂದನ್ನು ಇಡಬಹುದು. ಘನತೆಯುಳ್ಳವನಿಗೆ ಬದಲಿ ಇಲ್ಲ. ಮನುಷ್ಯನ ಘನತೆ ಅವನ ದುಡಿಮೆಯ ಮೇಲೆ ನಿಂತದ್ದಾಗಿದ್ದರೆ ದುಡಿಮೆ ನಿಂತ ದಿನ ಅದೂ ನಿಲ್ಲಬೇಕಿತ್ತು. ಒಂದು ಹೆಜ್ಜೆ ಮುಂದೆ ಹೋಗಿ ನಾವು ಹೇಳುವುದಾದರೆ, ಬುದ್ಧಿ ಮಸುಕಾದ ದಿನವೂ ಅದು ಮಸುಕಾಗುವುದಿಲ್ಲ. ಆದಕಾರಣ ದುರ್ಬಲರ ರಕ್ಷಣೆ ಉಳ್ಳವರು ತೋರುವ ದಯೆಯಲ್ಲ, ಸಲ್ಲಿಸಬೇಕಾದ ನ್ಯಾಯ. ದಯೆಯನ್ನು ಬೇಸರವಾದಾಗ ನಿಲ್ಲಿಸಬಹುದು. ನ್ಯಾಯವನ್ನು ನಿಲ್ಲಿಸುವಂತಿಲ್ಲ.

ಕಾನೂನಿನ ಆಸರೆ

ನಾಲ್ಕು ದಾನಗಳಲ್ಲಿ ತಿಳಿವಳಿಕೆಯ ದಾನವೂ ಒಂದೆಂದು ಮೊದಲೇ ಹೇಳಿದೆವು. ಆದ್ದರಿಂದ ಕೆಲವು ಸಂಗತಿಗಳನ್ನು ಇಲ್ಲಿ ಬಿಡಿಸಿ ಹೇಳುವುದು ಅಗತ್ಯ.

ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪಾಲನೆ, ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರಲ್ಲಿ ಬಂದಿತು. ನಿರ್ಲಕ್ಷಿತರಾದ ಹಿರಿಯರು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ನೇರವಾಗಿ ಅರ್ಜಿ ಸಲ್ಲಿಸಬಹುದು. ಅವರಿಗೆ ಶಕ್ತಿಯಿಲ್ಲದಿದ್ದರೆ ಅವರ ಪರವಾಗಿ ಅವರು ಒಪ್ಪಿದ ಇನ್ನೊಬ್ಬರು ಅಥವಾ ಸಂಸ್ಥೆ ಸಲ್ಲಿಸಬಹುದು. ನ್ಯಾಯಮಂಡಳಿ ತಾನಾಗಿಯೂ ಪ್ರಕರಣ ಕೈಗೆತ್ತಿಕೊಳ್ಳಬಹುದು. ಹಿರಿಯರನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಅವರನ್ನು ತೊರೆದುಬಿಡುವುದು ಸೆರೆವಾಸಕ್ಕೆ ಅರ್ಹವಾದ ಅಪರಾಧ.

ಅದೇ ಕಾಯ್ದೆಯ 23ನೆಯ ಕಲಮು ನಮ್ಮ ರೈತ ಕುಟುಂಬಗಳೆಲ್ಲ ತಿಳಿದಿರಬೇಕಾದದ್ದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವರು ನೋಡಿಕೊಳ್ಳದೆ ಹೋದರೆ ಆ ಬರಹವನ್ನು ರದ್ದುಪಡಿಸಬಹುದು. 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಅರ್ಥೈಸಬೇಕು, ಆಸ್ತಿಯ ಸ್ವಾಧೀನವನ್ನು ಹಿಂದಿರುಗಿಸಲು ನ್ಯಾಯಮಂಡಳಿ ಆದೇಶಿಸಬಹುದು ಎಂದು ತೀರ್ಪಿತ್ತಿದೆ. ಹಾಗೆಂದು ಬಾಯಿಮಾತನ್ನು ನೆಚ್ಚಬಾರದು. ದಾನಪತ್ರ ಬರೆಯುವಾಗಲೇ ಪಾಲನೆಯ ಷರತ್ತನ್ನು ಸ್ಪಷ್ಟವಾಗಿ ಸೇರಿಸುವುದು ಜಾಣತನ. ಮಗನ ಮೇಲಿನ ಅಪನಂಬಿಕೆ ಅದಕ್ಕೆ ಕಾರಣವಾಗಬೇಕಾಗಿಲ್ಲ. ಒಳ್ಳೆಯ ಮಗನಿಗೆ ಆ ಸಾಲು ಭಾರವೂ ಆಗದು.

2025ರಲ್ಲಿಯೇ ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಲ್ಲಿ ನೂರೈವತ್ತಕ್ಕೂ ಹೆಚ್ಚು ವೃದ್ಧರನ್ನು ಮಕ್ಕಳು ಬಿಟ್ಟುಹೋಗಿರುವ ಸಂಗತಿ ಬೆಳಕಿಗೆ ಬಂದು, ಅಂಥ ಪ್ರಕರಣಗಳನ್ನು ಕಂದಾಯ ಉಪವಿಭಾಗಾಧಿಕಾರಿಗಳಿಗೆ ತಿಳಿಸಬೇಕೆಂದು ವೈದ್ಯಕೀಯ ಶಿಕ್ಷಣ ಸಚಿವರು ಸೂಚಿಸಿದರು. ಕಾನೂನು ಹದಿನೆಂಟು ವರ್ಷ ಹಳೆಯದಾದ ಮೇಲೂ ಇಂಥ ಸೂಚನೆ ಬೇಕಾಯಿತೆಂಬುದನ್ನು ಗಮನಿಸಬೇಕು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಂತೆ, ಅಂಗವಿಕಲ ವ್ಯಕ್ತಿಯ ಮೇಲೆ ದೌರ್ಜನ್ಯ ನಡೆಯುತ್ತಿದೆಯೆಂದು ತಿಳಿದ ಯಾರೇ ಆಗಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ತಿಳಿಸಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗಿಗಳನ್ನು ಸರಪಳಿಯಲ್ಲಿ ಬಿಗಿಯುವುದನ್ನು ಸಂಪೂರ್ಣವಾಗಿ ನಿಷೇಧಿಸಿದೆ. ಹಿರಿಯರ ಸಹಾಯಕ್ಕಾಗಿ 14567 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಈ ಐದು ಅಂಕಿಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸುವುದಕ್ಕೆ ಖರ್ಚೇನೂ ಇಲ್ಲ.

ನಮ್ಮ ಸಂಸ್ಥೆಗಳಿಗೂ ಒಂದು ಮಾತು

ಕ್ರೈಸ್ತ ಧರ್ಮಸಭೆ ಸೇವೆಯ ಹೆಸರಿನಲ್ಲಿ ನಡೆಸುವ ಆಶ್ರಯಧಾಮಗಳು ನಮ್ಮ ನಾಡಿನಲ್ಲಿ ಅನೇಕ. ಬೆಂಗಳೂರಿನಲ್ಲಿ 1900ರಿಂದ ವೃದ್ಧರ ಸೇವೆ ಮಾಡುತ್ತಿರುವ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಭಗಿನಿಯರ ಸಭೆಯನ್ನು ಕಟ್ಟಿದ ಸಂತ ಜಾನ್ ಜುಗಾನ್, 1839ರಲ್ಲಿ ಕುರುಡಿಯಾದ ಮುದುಕಿಯೊಬ್ಬಳನ್ನು ಮನೆಗೆ ತಂದು ತನ್ನದೇ ಹಾಸಿಗೆಯಲ್ಲಿ ಮಲಗಿಸಿದಳು. ಸೇವೆಯ ಅಳತೆಗೋಲು ಅದು. ಆದರೆ ಸಂತರ ಹೆಸರಿನ ಫಲಕ ತೂಗುಹಾಕಿದ ಮಾತ್ರಕ್ಕೆ ಒಳಗೆ ಎಲ್ಲವೂ ಸರಿಯಾಗಿರುತ್ತದೆಂದು ತಿಳಿಯುವಂತಿಲ್ಲ. ಧರ್ಮಸಭೆಯೊಳಗೇ ಲೈಂಗಿಕ ದೌರ್ಜನ್ಯಗಳು ನಡೆದು ಮುಚ್ಚಿಹೋದ ಕಹಿ ಸತ್ಯವನ್ನು ಎದುರಿಸಿದ ದಿವಂಗತ ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ ನಿಯಮಾವಳಿ, ಮಕ್ಕಳ ಜೊತೆಗೆ ದುರ್ಬಲ ವಯಸ್ಕರನ್ನೂ ಹೆಸರಿಸಿ, ದೂರು ಸ್ವೀಕರಿಸುವ ವ್ಯವಸ್ಥೆ ಪ್ರತಿ ಧರ್ಮಪ್ರಾಂತ್ಯದಲ್ಲಿಯೂ ಇರಬೇಕೆಂದು ವಿಧಿಸಿತು. ತಿಳಿದ ಸಂಗತಿಯನ್ನು ಗುರುಗಳೂ ಭಗಿನಿಯರೂ ತಡಮಾಡದೆ ತಿಳಿಸುವುದು ಈಗ ಕಡ್ಡಾಯ. ಸಂಸ್ಥೆಯ ಹೆಸರು ಕೆಟ್ಟೀತೆಂದು ಸುಮ್ಮನಿರುವುದು ನಿಷ್ಠೆಯಲ್ಲ.

ಯಾವ ಧರ್ಮದವರದ್ದೇ ಇರಲಿ, ಸರ್ಕಾರದ್ದೇ ಇರಲಿ, ವೃದ್ಧಾಶ್ರಮವೊಂದಕ್ಕೆ ಹೋದಾಗ ನಾವು ಕೇಳಬೇಕಾದ ಪ್ರಶ್ನೆಗಳು ಸರಳ. ಹೇಳದೆ ಕೇಳದೆ ಬಂದವರನ್ನು ಒಳಗೆ ಬಿಡುತ್ತಾರೆಯೇ? ರಾತ್ರಿ ಎಷ್ಟು ಜನ ಸಿಬ್ಬಂದಿ ಇರುತ್ತಾರೆ? ನಿವಾಸಿಯೊಡನೆ ಏಕಾಂತದಲ್ಲಿ ಮಾತನಾಡಬಹುದೇ? ದೂರನ್ನು ಬರೆದುಕೊಳ್ಳುವ ಪುಸ್ತಕವಿದೆಯೇ, ಅದನ್ನು ಹೊರಗಿನವರು ಓದುತ್ತಾರೆಯೇ? ಹೋದ ವರ್ಷ ಸತ್ತವರೆಷ್ಟು, ಏಕೆ ಸತ್ತರು? ಒಳ್ಳೆಯ ಸಂಸ್ಥೆ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಹುಟ್ಟುಹಬ್ಬದ ದಿನ ಸಿಹಿಯೂಟ ಹಾಕಿಸಿ, ಫೋಟೋ ತೆಗೆಸಿಕೊಂಡು ಮರಳುವ ನಮ್ಮ ಔದಾರ್ಯಕ್ಕಿಂತ, ತಿಂಗಳಿಗೊಮ್ಮೆ ಬರಿಗೈಯಲ್ಲಿ ಹೋಗಿ ಹಾಸಿಗೆಯ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ಕೇಳುವುದು ದೊಡ್ಡ ಸೇವೆ. ಹೊರಗಿನ ಜನ ಬಂದುಹೋಗುವ ಮನೆಯಲ್ಲಿ ಹೊಡೆಯುವ ಕೈ ತಡೆಯುತ್ತದೆ.

ನಮ್ಮ ಬೀದಿಯಲ್ಲೇ, ನಮ್ಮ ಓಣಿಯಲ್ಲೇ ಬಾಗಿಲು ಸದಾ ಮುಚ್ಚಿರುವ ಮನೆಯೊಂದರಲ್ಲಿ ಕೆಲವು ದಿನಗಳಿಂದ ಹೊರಗೆ ಕಾಣಿಸಿಕೊಳ್ಳದ ಹಿರಿಯರಿರಬಹುದು. ಈ ವಾರ ಆ ಬಾಗಿಲನ್ನು ತಟ್ಟೋಣ. ಅನ್ನ ಕೊಡುವವರು ಅಲ್ಲಿದ್ದಾರು, ಔಷಧಿಯೂ ಇದ್ದೀತು. ನಿಮ್ಮ ಮಾತನ್ನು ನಂಬುವವರು ಒಬ್ಬರಿದ್ದೇವೆ ಎಂಬ ಧೈರ್ಯವನ್ನು ನಾವು ಕೊಟ್ಟು ಬರೋಣ. ಅದೇ ಅಭಯದಾನ.