ಯಾವ ಕಾರು ನಮ್ಮದು?

ಬಿಳಿ ಅಂಬಾಸಡರ್ ಕಾರು ಬಂತೆಂದರೆ ಸರ್ಕಾರವೇ ಬಂತು ಎಂದುಕೊಳ್ಳುತ್ತಿದ್ದ ಕಾಲವೊಂದಿತ್ತು. ಮಂತ್ರಿಗಳಿಗೂ ಅದೇ, ಮದುವೆ ದಿಬ್ಬಣಕ್ಕೂ ಅದೇ. ಅಪ್ಪಟ ದೇಶಿ ಎಂದು ಜನ ನಂಬಿದ್ದ ಈ ಕಾರಿನ ತವರು ಮಾತ್ರ ಇಂಗ್ಲೆಂಡ್. ಅಲ್ಲಿನ ಮೋರಿಸ್ ಆಕ್ಸ್‌ಫರ್ಡ್ ಕಾರೇ 1957ರ ಹೊತ್ತಿಗೆ ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ಅಂಬಾಸಡರ್ ಎಂಬ ಹೆಸರು ಪಡೆಯಿತು. ಅದರ ಪ್ರತಿಸ್ಪರ್ಧಿ ಪ್ರೀಮಿಯರ್ ಪದ್ಮಿನಿಗೆ ರಜಪೂತ ರಾಣಿಯ ಹೆಸರಿದ್ದರೂ ಒಡಲು ಇಟಲಿಯ ಫಿಯಟ್ 1100.

ಹಾಗಾದರೆ ಯಾವ ಕಾರನ್ನು ದೇಶಿ ಎನ್ನಬೇಕು? ಇಲ್ಲಿ ಜೋಡಿಸಿದ್ದನ್ನೇ? ಇಲ್ಲಿನ ಬಿಡಿಭಾಗಗಳಿಂದ ಮಾಡಿದ್ದನ್ನೇ? ಅಥವಾ ಮಾಲೀಕ ಭಾರತೀಯನಾಗಿರುವುದನ್ನೇ?

ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1928ರಲ್ಲೇ ಮುಂಬಯಿಯಲ್ಲಿ ಕಾರು ಜೋಡಿಸತೊಡಗಿತ್ತು. ಹಡಗಿನಲ್ಲಿ ಬಂದ ಭಾಗಗಳಿಗೆ ಇಲ್ಲಿ ನಟ್ಟು ಬೋಲ್ಟು ಬಿಗಿಯುವುದಷ್ಟೇ ಕೆಲಸ. ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಇದು ಸಾಲದೆನಿಸಿತು. 1935ರಲ್ಲಿ ಅವರು ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಕಂಡು ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಯಾದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯುವ ಮಾತೂ ನಡೆಯಿತು. ಆದರೆ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದು ವಿಮಾನ ಕಾರ್ಖಾನೆಯನ್ನು. ಅವರ ಕಾರು ಕಂಪನಿ ಪ್ರೀಮಿಯರ್ 1944ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು.

ಸ್ವಾತಂತ್ರ್ಯಾನಂತರ ಸರ್ಕಾರ ಬಿಡಿಭಾಗಗಳ ಅಳತೆಗೋಲನ್ನು ಕೈಗೆತ್ತಿಕೊಂಡಿತು. ಹಂತಹಂತವಾಗಿ ಇಲ್ಲೇ ತಯಾರಿಸಲು ಒಪ್ಪದ, ಬರೀ ಜೋಡಿಸುವ ಕಂಪನಿಗಳಿಗೆ 1953ರ ನೀತಿಯಲ್ಲಿ ಜಾಗವಿರಲಿಲ್ಲ. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಅಂಬಾಸಡರ್ ಕ್ರಮೇಣ ಬಹುತೇಕ ಇಲ್ಲಿನ ಭಾಗಗಳಿಂದಲೇ ತಯಾರಾಗತೊಡಗಿತು. ಆದರೆ ಸ್ಪರ್ಧೆಯಿಲ್ಲದ ಮಾರುಕಟ್ಟೆಯಲ್ಲಿ ಹೊಸದನ್ನು ರೂಪಿಸುವ ಗೋಜಿಗೆ ಯಾರೂ ಹೋಗಲಿಲ್ಲ. 1990ರ ದಶಕದಲ್ಲಿ ಹೊಸ ಎಂಜಿನ್ ಬೇಕಾದಾಗ ಜಪಾನಿನ ಇಸುಜು ಕಂಪನಿಯ ಬಾಗಿಲು ತಟ್ಟಬೇಕಾಯಿತು. 2014ರಲ್ಲಿ ಉತ್ಪಾದನೆ ನಿಂತಿತು. 2017ರಲ್ಲಿ ಅಂಬಾಸಡರ್ ಎಂಬ ಹೆಸರೂ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೋ ಪಾಲಾಯಿತು.

ಮಾಲೀಕತ್ವದ ಲೆಕ್ಕವೂ ಅಷ್ಟು ಸರಳವಲ್ಲ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದು ಸರ್ಕಾರಿ ಕಂಪನಿಯ ಕಾರು. ಜಪಾನಿನ ಸುಜುಕಿಯ ಪಾಲು ಶೇ 26 ಮಾತ್ರ. 2002ರಲ್ಲಿ ಸುಜುಕಿ ಬಹುಪಾಲು ಪಡೆಯಿತು; 2007ರಲ್ಲಿ ಸರ್ಕಾರ ಪೂರ್ತಿ ಹೊರನಡೆಯಿತು. ಆದರೂ ಮಾರುತಿಗಾಗಿ ಗುಣಮಟ್ಟದ ಬಿಡಿಭಾಗ ಮಾಡಲು ಕಲಿತ ನೂರಾರು ಕಾರ್ಖಾನೆಗಳು ಇಲ್ಲೇ ಉಳಿದವು. ನಮ್ಮ ಬಿಡದಿಯಲ್ಲಿ ಟೊಯೋಟ ಕಾರು ತಯಾರಿಸುವ ಕೈಗಳು ಕನ್ನಡ ನಾಡಿನವು, ಬಹುಪಾಲು ಬಂಡವಾಳ ಜಪಾನಿನದು. ಇತ್ತ 2008ರಲ್ಲಿ ಟಾಟಾ ಕಂಪನಿ ಬ್ರಿಟನ್ನಿನ ಜಾಗ್ವಾರ್ ಲ್ಯಾಂಡ್ ರೋವರನ್ನು ಕೊಂಡಿತು. ಅಷ್ಟಕ್ಕೇ ಜಾಗ್ವಾರನ್ನು ಭಾರತದ ಕಾರು ಎನ್ನುವವರು ಕಡಿಮೆ.

ಇನ್ನು 1998ರ ಟಾಟಾ ಇಂಡಿಕಾ ನೋಡಿ. ಹೊರರೂಪಕ್ಕೆ ನೆರವಾದದ್ದು ಇಟಲಿಯ ವಿನ್ಯಾಸ ಸಂಸ್ಥೆ. ನಿಸಾನ್ ಕಂಪನಿಯ ಮುಚ್ಚಿದ ಆಸ್ಟ್ರೇಲಿಯಾ ಕಾರ್ಖಾನೆಯ ಯಂತ್ರಗಳನ್ನು ಕಳಚಿ, ಹಡಗಿನಲ್ಲಿ ತಂದು ಪುಣೆಯಲ್ಲಿ ಜೋಡಿಸಲಾಯಿತು. ಆದರೆ ಕಾರು ಹೇಗಿರಬೇಕು, ಒಳಗೆ ಎಷ್ಟು ಜಾಗವಿರಬೇಕು ಎಂಬ ನಿರ್ಧಾರ ಇಲ್ಲಿನದು. ಮೊದಮೊದಲು ದೂರುಗಳ ಸುರಿಮಳೆಯಾದಾಗ ತಿದ್ದಿ, ಸುಧಾರಿಸಿದ ಮಾದರಿಯನ್ನು ತಂದವರೂ ಇಲ್ಲಿಯವರೇ. 2003ರಲ್ಲಿ ಅದೇ ಕಾರು ಸಿಟಿರೋವರ್ ಹೆಸರಿನಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂತು. ಮೋರಿಸ್ ಕೊಟ್ಟ ನಾಡಿಗೆ ಪುಣೆಯ ಕಾರು!

ಈ ಅಳತೆಗೋಲಿನ ಜಗಳ ಬರೀ ಅಭಿಮಾನದ್ದಲ್ಲ, ತೆರಿಗೆ ಹಣದ್ದೂ ಹೌದು. 2021ರಲ್ಲಿ ಕೇಂದ್ರ ಪ್ರಕಟಿಸಿದ ವಾಹನೋದ್ಯಮದ ಪ್ರೋತ್ಸಾಹಧನ ಯೋಜನೆಯಲ್ಲಿ ಕನಿಷ್ಠ ಶೇ 50ರಷ್ಟು ಮೌಲ್ಯ ದೇಶದೊಳಗೇ ಸೇರ್ಪಡೆಯಾಗಬೇಕೆಂಬ ಷರತ್ತಿದೆ. ಆದರೆ ಶೇಕಡಾವಾರು ಲೆಕ್ಕ ಎಲ್ಲವನ್ನೂ ಹೇಳುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಚೀನಾ ವಿರಳ ಲೋಹಗಳ ಆಯಸ್ಕಾಂತದ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ವಾಹನ ತಯಾರಕರೂ ಕಂಗಾಲಾದರು. ಬೆಲೆಯಲ್ಲಿ ಸಣ್ಣದಾದ ಆ ವಸ್ತುವಿಲ್ಲದೆ ವಿದ್ಯುತ್ ಕಾರಿನ ಮೋಟಾರು ತಿರುಗುವುದು ಕಷ್ಟ.

ಇಂದು ನೂರಕ್ಕೆ ನೂರು ಒಂದೇ ದೇಶದ ಕಾರು ಎಲ್ಲಿಯೂ ಇಲ್ಲ. ಆದ್ದರಿಂದ ಕಾರಿನ ಜನ್ಮಕುಂಡಲಿ ಕೆದಕುವುದಕ್ಕಿಂತ ಬೇರೊಂದು ಪ್ರಶ್ನೆ ಕೇಳುವುದು ಒಳ್ಳೆಯದು: ನಾಳೆ ವಿದೇಶಿ ಪಾಲುದಾರ ಬಿಟ್ಟು ಹೋದರೆ, ಈ ಕಾರನ್ನು ತಿದ್ದಿ ಇನ್ನೂ ಒಳ್ಳೆಯದನ್ನು ಮಾಡುವ ವಿದ್ಯೆ ನಮ್ಮಲ್ಲಿ ಉಳಿಯುತ್ತದೆಯೇ? ಹೌದು ಎನ್ನುವುದಾದರೆ, ಮೂತಿಯ ಮೇಲೆ ಯಾವ ಲಾಂಛನವಿದ್ದರೂ ಆ ಕಾರಿನಲ್ಲಿ ನಮ್ಮದೊಂದು ಪಾಲಿದೆ. ಇಲ್ಲವಾದರೆ, ರಾಣಿಯ ಹೆಸರಿಟ್ಟರೂ ಅದು ನೆಂಟರ ಮನೆಯ ಕಾರೇ.