ಮಧುಚಂದ್ರಕ್ಕೂ ಮೊದಲು ಮನೆದೇವರು

ಮದುವೆ ಚಪ್ಪರದ ಮಾವಿನ ತೋರಣ ಬಾಡುವ ಮುನ್ನವೇ ಹೊಸ ಜೋಡಿಯನ್ನು ಮನೆದೇವರ ದರ್ಶನಕ್ಕೆ ಕರೆದೊಯ್ಯುವುದು ಹಳೆಯ ಮೈಸೂರು ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಅರಿಸಿನದ ದಾರ ಕೈಯಲ್ಲಿರುವಾಗಲೇ ಹೊರಡುವ ಈ ಪ್ರಯಾಣದಲ್ಲಿ ಗಂಡು ಹೆಣ್ಣು ಇಬ್ಬರೇ ಇರುವುದಿಲ್ಲ. ಅತ್ತೆ ಮಾವ, ನಾದಿನಿ ಮೈದುನ, ದಾರಿ ತೋರಿಸುವ ಹಿರಿಯರು, ಜಾಗ ಉಳಿದರೆ ಪಕ್ಕದ ಮನೆಯ ಮಕ್ಕಳು, ಎಲ್ಲರೂ ಇರುತ್ತಾರೆ. ಹಿಂದೆ ಎತ್ತಿನ ಗಾಡಿ, ಆಮೇಲೆ ರೈಲು, ಬಸ್ಸು, ಈಗ ಬಾಡಿಗೆ ಕಾರು. ವಾಹನ ಬದಲಾಗಿದೆ, ವಾಡಿಕೆ ಉಳಿದಿದೆ. ಊಟಿ, ಕೊಡೈಕೆನಾಲ್, ಇತ್ತೀಚೆಗೆ ವಿದೇಶಗಳಿಗೂ ಹಾರುವ ನವದಂಪತಿಗಳಲ್ಲಿ ಅನೇಕರು ಈ ಮೊದಲ ಪಯಣ ಮುಗಿಸಿಯೇ ಎರಡನೆಯದಕ್ಕೆ ಪೆಟ್ಟಿಗೆ ಕಟ್ಟುತ್ತಾರೆ.

ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಸುತ್ತಿನ ಪ್ರದೇಶ ಇಂಥ ಪಯಣಗಳಿಗೆ ಹೆಸರಾದದ್ದು. ಗುಬ್ಬಿಯ ಚನ್ನಬಸವೇಶ್ವರ, ಎಡೆಯೂರಿನ ಸಿದ್ಧಲಿಂಗೇಶ್ವರ, ದೇವರಾಯನದುರ್ಗದ ನರಸಿಂಹ, ಇವೆಲ್ಲ ಅಸಂಖ್ಯಾತ ಕುಟುಂಬಗಳು ನಡೆದುಕೊಳ್ಳುವ ದೇವರುಗಳು. ಈ ದಾರಿಯಲ್ಲಿ ಭಕ್ತಿಯ ಜೊತೆಗೆ ಇತಿಹಾಸವೂ ಇದೆ. ಗಂಡ ಹೆಂಡಿರ ಬಾಳಿನ ಬಗ್ಗೆ ಈ ನೆಲ ಹೇಳುವ ಕಥೆಗಳೂ ಇವೆ. ದೇವರಿಗೆ ಕೈಮುಗಿದು ಊಟ ಮುಗಿಸಿ ಹಿಂದಿರುಗುವ ಜೋಡಿಗಳು ಆ ಕಥೆಗಳನ್ನು ಕೇಳದೆಯೇ ಬಂದುಬಿಡುವುದು ಹೆಚ್ಚಾಗಿದೆ.

ಹೆಸರು ಬಂದ ಬಗೆ

‘ಮಧುಚಂದ್ರ’ ಎಂಬುದು ‘ಹನಿಮೂನ್’ ಎಂಬ ಇಂಗ್ಲಿಷ್ ಪದದ ನೇರ ಅನುವಾದ. ಇಂಗ್ಲಿಷಿನಲ್ಲಿ 16ನೇ ಶತಮಾನದಲ್ಲೇ ಬಳಕೆಯಲ್ಲಿದ್ದ ಆ ಮಾತಿಗೆ ಆಗ ಪ್ರವಾಸದ ಅರ್ಥವಿರಲಿಲ್ಲ. ಮದುವೆಯಾದ ಮೊದಲ ತಿಂಗಳು ಜೇನಿನಷ್ಟು ಸಿಹಿ, ಆಮೇಲೆ ಪ್ರೀತಿಯೂ ಚಂದ್ರನಂತೆ ಕ್ಷೀಣಿಸೀತು ಎಂಬ ತುಸು ಕೊಂಕು ಅದರಲ್ಲಿತ್ತು. ಪ್ರವಾಸ ಸೇರಿಕೊಂಡದ್ದು ತಡವಾಗಿ. 19ನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಉಳ್ಳವರ ಮನೆಯ ನವದಂಪತಿಗಳು ಮದುವೆಗೆ ಬರಲಾಗದ ನೆಂಟರ ಊರುಗಳಿಗೆ ಹೋಗಿ ಬರುತ್ತಿದ್ದರು. ಎಷ್ಟೋ ವೇಳೆ ಮನೆಯವರು, ಗೆಳೆಯರೂ ಜೊತೆಗಿರುತ್ತಿದ್ದರು. ನಮ್ಮಲ್ಲಿ ಹೊಸ ಜೋಡಿಯನ್ನು ನೆಂಟರಿಷ್ಟರು ಒಬ್ಬೊಬ್ಬರಾಗಿ ಊಟಕ್ಕೆ ಕರೆದು, ಮಡಿಲು ತುಂಬಿ ಕಳಿಸುವ ಪದ್ಧತಿಗೆ ಇದು ತೀರ ದೂರದ್ದಲ್ಲ. ನೆಂಟರ ಮನೆಯ ಸುತ್ತಾಟ ಕ್ರಮೇಣ ಊರು ನೋಡುವ ಸುತ್ತಾಟವಾಯಿತು, ಜೊತೆಗಿದ್ದವರು ಹಿಂದೆ ಉಳಿದರು, ಇಬ್ಬರೇ ಮುಂದೆ ಹೋದರು.

ಹಾಗೆ ನೋಡಲು ಹೋಗುವ ಊರುಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಪ್ರಮುಖವಾಯಿತು. ಬಂಡೆಯ ಮೇಲಿನ ಕೋಟೆ, ಅಲ್ಲಿಂದ ಅರಮನೆಗೆ ಇಳಿಯುವ ಹಳೆಯ ಬೀದಿ ಅಲ್ಲಿ ಮೊದಲೇ ಇದ್ದವು. ಜನ ಮುಗಿಬಿದ್ದು ಬರುವಂತೆ ಮಾಡಿದವರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಕವಿ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಖ್ಯ. 1810ರಲ್ಲಿ ಆತ ಸ್ಕಾಟ್ಲೆಂಡಿನ ಒಂದು ಸರೋವರವನ್ನು ಕುರಿತು ಕಥನಕಾವ್ಯ ಬರೆದ ಮೇಲೆ ಆ ಸರೋವರ ನೋಡಲು ಜನ ಸಾಲುಗಟ್ಟಿದರು. 1846ರಲ್ಲಿ ಥಾಮಸ್ ಕುಕ್ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿಗೆ ಗುಂಪು ಪ್ರವಾಸ ಏರ್ಪಡಿಸಿದ. ಒಂದು ಸ್ಥಳ ‘ನೋಡುವ’ ಸ್ಥಳವಾಗಲು ಕಲ್ಲು ನೀರು ಸಾಲದು, ಅದನ್ನು ಹೇಳುವ ಹಾಡೋ ಕಥೆಯೋ ಬೇಕು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕುಣಿಗಲ್ ಕೆರೆಗೆ ಅಂಥ ಹಾಡು ಸ್ಕಾಟನ ಹಂಗಿಲ್ಲದೆಯೇ ಇತ್ತು. ಕರ್ತೃ ಯಾರೆಂದು ತಿಳಿಯದ ಆ ಜನಪದ ಗೀತೆ ಕೆರೆಯನ್ನು ನೋಡುವುದನ್ನೇ ಒಂದು ಭಾಗ್ಯವೆಂದು ಬಣ್ಣಿಸುತ್ತದೆ. ಅಲ್ಲಿ ಚಂದ್ರನೂ ಮೂಡಿ ಬರುತ್ತಾನೆ. ಕುಣಿಗಲ್ಲನ್ನು ಕಾಣದವರೂ ಕೆರೆಯನ್ನು ಬಲ್ಲರು. ‘ಮಧುಚಂದ್ರ’ ಎಂಬ ಪದ ಕನ್ನಡಕ್ಕೆ ಬರುವ ಮೊದಲೇ ಇಲ್ಲಿಯ ಹೆಣ್ಣುಮಕ್ಕಳು ಕೆರೆಯನ್ನೂ ಚಂದ್ರನನ್ನೂ ಸೇರಿಸಿ ಹಾಡಿಕೊಂಡಿದ್ದರು.

ಜಾತ್ರೆಯೇ ನೆಪ

ಹಿಂದಿನ ಕೂಡು ಕುಟುಂಬದಲ್ಲಿ ಹೊಸದಾಗಿ ಬಂದ ಸೊಸೆ ಗಂಡನೊಡನೆ ಹಗಲಿನಲ್ಲಿ ಎರಡು ಮಾತು ಆಡುವುದೂ ಕಷ್ಟವಿತ್ತು. ಅವಳಿಗೆ ಹೊಸ್ತಿಲು ದಾಟಲು ಸಿಗುತ್ತಿದ್ದ ಒಪ್ಪಿತ ನೆಪಗಳು ಎರಡೇ: ತವರು ಮತ್ತು ದೇವರು. ಜಾತ್ರೆಯಲ್ಲಿ ನವದಂಪತಿಗಳು ಜೊತೆಯಾಗಿ ನಿಂತು ತೇರಿನ ಕಳಸದತ್ತ ದವನ ಸಿಕ್ಕಿಸಿದ ಬಾಳೆಹಣ್ಣು ಎಸೆಯುವ ಪದ್ಧತಿ ಇಂದಿಗೂ ಇದೆ. ಹರಕೆ ಎಂದರೆ ಹರಕೆ, ಆಟ ಎಂದರೆ ಆಟ. ನೂರಾರು ಜನರ ನಡುವೆ ಗಂಡ ಹೆಂಡತಿ ಒಟ್ಟಿಗೆ ನಗಲು ಊರೇ ಕೊಟ್ಟ ಅನುಮತಿ ಅದು. ಬಳೆ ಅಂಗಡಿ, ಬೆಂಡು ಬತ್ತಾಸು, ರಾತ್ರಿಯ ನಾಟಕ, ಇವೆಲ್ಲ ಆ ಅನುಮತಿಯ ಒಳಗೇ ಬರುತ್ತಿದ್ದವು.

ಆಷಾಢ ಬಂತೆಂದರೆ ಹೊಸ ಸೊಸೆ ತವರಿಗೆ ಹೋಗಬೇಕು. ಆಷಾಢದಲ್ಲಿ ಗರ್ಭ ಕಟ್ಟಿದರೆ ಕಡು ಬೇಸಿಗೆಯಲ್ಲಿ ಹೆರಿಗೆಯಾಗುತ್ತದೆ, ಉಳುಮೆ ಬಿತ್ತನೆಯ ಕಾಲದಲ್ಲಿ ಗಂಡಿನ ಗಮನ ಹೊಲದ ಕಡೆಗಿರಲಿ ಎಂದೆಲ್ಲ ಹಿರಿಯರು ಕಾರಣ ಕೊಡುತ್ತಾರೆ. ಈ ಅಗಲಿಕೆಗೂ ಜನ ಒಂದು ಸಂದು ಹುಡುಕಿಕೊಂಡಿದ್ದಾರೆ. ಚಾಮರಾಜನಗರದ ಚಾಮರಾಜೇಶ್ವರನ ತೇರು ನಡೆಯುವುದು ಆಷಾಢದಲ್ಲೇ, ಅದಕ್ಕೆ ನವದಂಪತಿಗಳೇ ಹೆಚ್ಚಾಗಿ ಬರುತ್ತಾರೆ. 2017ರಲ್ಲಿ ರಥಕ್ಕೆ ಬೆಂಕಿ ಬಿದ್ದು ನಿಂತಿದ್ದ ಉತ್ಸವ 2022ರಲ್ಲಿ ಹೊಸ ರಥದೊಂದಿಗೆ ಮತ್ತೆ ನಡೆದಾಗ ಹೊಸ ಜೋಡಿಗಳು ಮತ್ತೆ ಬಾಳೆಹಣ್ಣು ಹಿಡಿದು ನಿಂತವು.

ಗುರು ಒಂದೂರು, ಶಿಷ್ಯ ಒಂದೂರು

ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ಇಲ್ಲಿರುವ ಗೋಸಲ ಚನ್ನಬಸವೇಶ್ವರರ ಗದ್ದುಗೆಗೂ ಕುಣಿಗಲ್ ತಾಲ್ಲೂಕಿನ ಎಡೆಯೂರಿಗೂ ನೇರ ಸಂಬಂಧವಿದೆ. ಎಡೆಯೂರಿನಲ್ಲಿ ಸಮಾಧಿಯಾದ ತೋಂಟದ ಸಿದ್ಧಲಿಂಗ ಯತಿಗಳು ಚನ್ನಬಸವೇಶ್ವರರ ಶಿಷ್ಯರು. ಕಗ್ಗೆರೆಯಲ್ಲಿ ತಪಸ್ಸು ಮಾಡಿದರೆಂದು ಪ್ರತೀತಿ ಇರುವ ಇವರು ‘ಷಟ್‌ಸ್ಥಲ ಜ್ಞಾನಸಾರಾಮೃತ’ದ ವಚನಕಾರರೂ ಹೌದು. ಬಸವಾದಿ ಶರಣರ ಕಾಲದ ನಂತರ ಮಂಕಾಗಿದ್ದ ವಚನ ಪರಂಪರೆ ಮತ್ತೆ ಚಿಗುರಿದ್ದರಲ್ಲಿ ಇವರ ಪಾಲು ದೊಡ್ಡದು. ಬೆಳಿಗ್ಗೆ ಗುಬ್ಬಿ, ಸಂಜೆ ಎಡೆಯೂರು ನೋಡುವ ದಂಪತಿಗಳು ತಿಳಿದೋ ತಿಳಿಯದೆಯೋ ಗುರುವಿನಿಂದ ಶಿಷ್ಯನೆಡೆಗೆ ನಡೆದ ದಾರಿಯಲ್ಲೇ ಸಾಗಿರುತ್ತಾರೆ.

ಗುಬ್ಬಿಯನ್ನು ಪರಊರಿನವರು ಕುತೂಹಲದಿಂದ ನೋಡಿದ್ದೂ ಹೊಸದಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ವರದಿ ಮಾಡಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದಿದ್ದ. ಆತ ಸ್ಕಾಟ್ಲೆಂಡಿನವ, 1783ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯ ಪದವಿ ಪಡೆದವ. ಸಂತೆ, ಬೆಳೆ, ನೇಯ್ಗೆ, ಜಾತಿ ಪದ್ಧತಿ ಎಲ್ಲವನ್ನೂ ಕೇಳಿ ಬರೆದುಕೊಂಡ ಅವನ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಆಳುವವರ ಲೆಕ್ಕಕ್ಕಾಗಿ ಬರೆದದ್ದಾದರೂ ಕಂಡದ್ದನ್ನು ಕೇಳಿ ತಿಳಿಯುವ ಅವನ ಶಿಸ್ತು ಇಂದಿನ ಪ್ರವಾಸಿಗೂ ಪಾಠ.

ತುಮಕೂರಿಗೆ ರೈಲು ಬಂದ 1884ರ ಸುಮಾರಿನಲ್ಲೇ ಗುಬ್ಬಿಯಲ್ಲಿ ಚಂದಣ್ಣ ಮತ್ತು ಅಬ್ದುಲ್ ಅಜೀಜ್ ಸಾಹೇಬರು ನಾಟಕ ಸಂಘ ಕಟ್ಟಿದರು. ಅದಕ್ಕೆ ಚನ್ನಬಸವೇಶ್ವರ ಸ್ವಾಮಿಯ ಹೆಸರಿಟ್ಟರು. ಹಿಂದೂ ಮುಸ್ಲಿಮರು ಕೂಡಿ ಕಟ್ಟಿ, ಶರಣರ ಹೆಸರಿಟ್ಟ ಈ ಸಂಘ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನ ದೊಡ್ಡ ಕಂಪನಿಯಾಯಿತು. ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳು ನಿಜವಾಗಿಯೇ ರಂಗಕ್ಕೆ ಬರುತ್ತಿದ್ದವು. ವೀರಣ್ಣ ಮತ್ತು ಅವರ ಪತ್ನಿ ಬಿ. ಜಯಮ್ಮ ಒಂದೇ ರಂಗದ ಮೇಲೆ ಅಭಿನಯಿಸಿದರು. ಕಂಪನಿ ನಾಟಕ ನೋಡಲು ಜೋಡಿಯಾಗಿ ಹೋಗುವುದು ಅಂದಿನ ದಂಪತಿಗಳಿಗೆ ದೊಡ್ಡ ಸಂಭ್ರಮವಾಗಿತ್ತು.

ಬಿಟ್ಟುಹೋದ ಗಂಡನ ಊರು

ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವಾಗ ದೊಡ್ಡ ಗಣಪತಿಗೆ ಹೆಸರಾದ ಗೂಳೂರು ಸಿಗುತ್ತದೆ. ಅದರ ಹತ್ತಿರವೇ ಕೈದಾಳ. ಎಡೆಯೂರಿನ ಜನಸಂದಣಿ ಇಲ್ಲಿಲ್ಲ. ನವದಂಪತಿಗಳಂತೂ ತಪ್ಪದೆ ಇಳಿಯಬೇಕಾದ ಊರು ಇದು. ಏಕೆಂದರೆ ಇಲ್ಲಿನ ಐತಿಹ್ಯ ಆರಂಭವಾಗುವುದೇ ಒಂದು ಹೊಸ ಮದುವೆಯಿಂದ.

ಆಗ ಇದರ ಹೆಸರು ಕ್ರೀಡಾಪುರವಂತೆ. ಇಲ್ಲಿನ ಯುವಕ ಜಕಣಾಚಾರಿ ಮದುವೆಯಾದ ಹೊಸದರಲ್ಲೇ ಶಿಲ್ಪಕಲೆಯ ಹುಚ್ಚು ಹತ್ತಿ ಮನೆ ಬಿಟ್ಟ. ಬಸುರಿ ಹೆಂಡತಿ ಹಿಂದೆ ಉಳಿದಳು. ಹುಟ್ಟಿದ ಮಗ ಡಂಕಣ ದೊಡ್ಡವನಾಗಿ ತಂದೆಯನ್ನು ಹುಡುಕುತ್ತ ಬೇಲೂರಿಗೆ ಬಂದ. ಪ್ರತಿಷ್ಠೆಗೆ ಸಿದ್ಧವಾಗಿದ್ದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುವೆನೆಂದು ಜಕಣ ಪಣ ತೊಟ್ಟ. ವಿಗ್ರಹಕ್ಕೆ ಗಂಧ ಬಳಿದರೆ ಎಲ್ಲ ಕಡೆ ಒಣಗಿತು, ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಒಡೆದಾಗ ನೀರು, ಮರಳಿನ ಜೊತೆ ಕಪ್ಪೆ ಹೊರಬಂತು. ಜಕಣ ಮಾತಿಗೆ ತಪ್ಪದೆ ಕೈ ಕಡಿದುಕೊಂಡ. ಬಳಿಕ ತಂದೆ ಮಕ್ಕಳು ಪರಸ್ಪರ ಗುರುತು ಹಿಡಿದರು. ಹುಟ್ಟೂರಿನಲ್ಲಿ ಕೇಶವನ ಗುಡಿ ಕಟ್ಟೆಂದು ದೈವಾಜ್ಞೆಯಾಯಿತು, ಕಟ್ಟಿದಾಗ ಕೈ ಮರಳಿ ಬಂತು, ಊರು ಕೈದಾಳವಾಯಿತು.

ಇದನ್ನು ಇತಿಹಾಸವೆಂದು ಒಪ್ಪಲು ಆಧಾರಗಳಿಲ್ಲ. ಜಕಣಾಚಾರಿಯ ಹೆಸರು ಬೇಲೂರಿನ ಶಿಲ್ಪಿಗಳ ಸಹಿಗಳಲ್ಲಿ ಸಿಗುವುದಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ದೇವಾಲಯದ ಮದನಿಕೆಗಳ ಕೆಳಗೆ ಸಹಿ ಹಾಕಿದವರಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇದ್ದಾರೆ. ಅಪ್ಪ ಮಗ ಜೊತೆಯಾಗಿ ದುಡಿದದ್ದು ದಿಟ, ಅವರ ಹೆಸರು ಬೇರೆ. ಕಥೆಯ ಕಪ್ಪೆಯ ನೆನಪು ಹೊತ್ತ ಬೇಲೂರಿನ ಕಪ್ಪೆ ಚನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ವಿಷ್ಣುವರ್ಧನನ ರಾಣಿ ಶಾಂತಲೆ.

ಹಾಗೆಂದು ಕಥೆಯನ್ನು ಸುಳ್ಳೆಂದು ಬದಿಗಿಡಬೇಕಿಲ್ಲ. ಹೆಸರಿಲ್ಲದೆ ದುಡಿದ ಸಾವಿರಾರು ಕಲ್ಲುಕುಟಿಗರನ್ನು ಜನ ಒಬ್ಬ ಮನುಷ್ಯನಾಗಿ ಕಂಡುಕೊಂಡ ಬಗೆ ಅದು. ಆದರೆ ಅದರಲ್ಲೊಂದು ಕೊರತೆ ಕಣ್ಣಿಗೆ ಬೀಳುತ್ತದೆ. ಗಂಡನಿಗೆ ಹೆಸರಿದೆ, ಮಗನಿಗೆ ಹೆಸರಿದೆ, ಮಗುವನ್ನು ಒಬ್ಬಳೇ ಸಾಕಿ ತಂದೆಯ ಕಸುಬನ್ನೇ ಕಲಿಯುವಂತೆ ಬೆಳೆಸಿದ ಹೆಂಡತಿಗೆ ಊರು ಹೇಳುವ ಕಥೆಯಲ್ಲಿ ಸಾಮಾನ್ಯವಾಗಿ ಹೆಸರೇ ಇಲ್ಲ. 1964ರಲ್ಲಿ ಬಿ.ಎಸ್. ರಂಗಾ ಅವರು ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ತೆಗೆದಾಗ ನಾಯಕಿಗೆ ಹೆಸರು ಕೊಟ್ಟುಕೊಳ್ಳಬೇಕಾಯಿತು.

ಶಾಸನ ಉಳಿಸಿದ ಹೆಸರು

ಕಥೆ ಮರೆತದ್ದನ್ನು ಅದೇ ಊರಿನ ಕಲ್ಲು ಬೇರೊಂದು ರೀತಿಯಲ್ಲಿ ನೆನಪಿಟ್ಟಿದೆ. ಚನ್ನಕೇಶವನ ಗುಡಿಯ ಜೊತೆಗೆ ಕೈದಾಳದಲ್ಲಿ ಗಂಗಾಧರೇಶ್ವರನ ಗುಡಿಯೂ ಇದೆ. ಇಲ್ಲಿಯ 1150ರ ಸುಮಾರಿನ ಶಾಸನ ಹೊಯ್ಸಳ ಒಂದನೇ ನರಸಿಂಹನ ಸಾಮಂತ ಬಾಚಿಯನ್ನು ಕುರಿತದ್ದು. ಆತ ಶಿವನಿಗೂ ವಿಷ್ಣುವಿಗೂ ಗುಡಿ ಕಟ್ಟಿಸಿದ. ಹೆಂಡತಿ ಭೀಮಲೆಯ ಹೆಸರಿನಲ್ಲಿ ಭೀಮ ಜಿನಾಲಯವೆಂಬ ಬಸದಿಯನ್ನೂ ಭೀಮಸಮುದ್ರವೆಂಬ ಕೆರೆಯನ್ನೂ ಮಾಡಿಸಿದ.

ಒಂದೇ ಊರಿನ ಎರಡು ದಾಂಪತ್ಯಗಳು ಇವು. ಒಂದರಲ್ಲಿ ಗಂಡ ಕಲೆಗಾಗಿ ಹೆಂಡತಿಯನ್ನು ಬಿಟ್ಟು ನಡೆದ, ನಾಡು ಅವನನ್ನು ಅಮರಶಿಲ್ಪಿ ಎಂದು ಕೊಂಡಾಡಿತು. ಇನ್ನೊಂದರಲ್ಲಿ ಗಂಡ ಹೆಂಡತಿಯ ಹೆಸರಿನಲ್ಲಿ ಊರಿಗೆ ನೀರು ನಿಲ್ಲಿಸಿದ, ಅದನ್ನು ಬಲ್ಲವರು ಶಾಸನ ಓದಿದ ಕೆಲವರು ಮಾತ್ರ. ಬಯಲುಸೀಮೆಯ ಅಂಚಿನ ಈ ಪ್ರದೇಶದಲ್ಲಿ ಕೆರೆ ಎಂದರೆ ಬದುಕು. ಅರಮನೆಗಿಂತ, ಒಡವೆಗಿಂತ ದೊಡ್ಡ ಕಾಣಿಕೆ ಅದು. ಕೆರೆಗಾಗಿ ಸೊಸೆಯನ್ನು ಬಲಿಕೊಟ್ಟ ಕಥೆಯನ್ನು ಕಣ್ಣೀರಿಟ್ಟು ಹಾಡುವ ನಾಡಿನಲ್ಲಿ ಹೆಂಡತಿಗಾಗಿ ಕೆರೆ ಕಟ್ಟಿಸಿದ ಗಂಡನೂ ಇದ್ದ ಎಂಬುದು ತಿಳಿಯಬೇಕಾದ ಸಂಗತಿ.

2017ರಲ್ಲಿ ಬೆಂಗಳೂರು–ಹಾಸನ ರೈಲು ಮಾರ್ಗ ಆರಂಭವಾದ ಮೇಲೆ ಕುಣಿಗಲ್ ಮತ್ತು ಎಡೆಯೂರಿಗೆ ರೈಲಿನ ಅನುಕೂಲವೂ ಆಗಿದೆ. ಮಂಗಳೂರು ಹೆದ್ದಾರಿಯಂತೂ ಎಡೆಯೂರಿನ ಪಕ್ಕದಲ್ಲೇ ಹಾದುಹೋಗುತ್ತದೆ. ತಲುಪುವುದು ಸುಲಭವಾದಷ್ಟೂ ನಿಲ್ಲುವ ಹೊತ್ತು ಕಡಿಮೆಯಾಗುತ್ತಿದೆ. ದರ್ಶನ, ಪ್ರಸಾದ, ಒಂದಷ್ಟು ಫೋಟೊ, ಮುಂದಿನ ಊರು ಎಂಬಂತೆ ಪಯಣ ಮುಗಿಯುತ್ತದೆ. ಗುಂಪಿನಲ್ಲಿ ಕಥೆ ಹೇಳಬಲ್ಲ ಹಿರಿಯರಿದ್ದಾಗ ಹೀಗಾಗುತ್ತಿರಲಿಲ್ಲ. ಮನೆದೇವರ ಪಯಣದಲ್ಲಿ ಅಜ್ಜಿ ತಾತಂದಿರಿಗೆ ಒಂದು ಸ್ಥಾನ ಇದ್ದುದು ಇದಕ್ಕಾಗಿಯೂ ಹೌದು. ದಾರಿಯ ಒಂದೊಂದು ಕಲ್ಲಿನ ಸಂಗತಿ ಹೊಸ ಸೊಸೆಯ ಕಿವಿಗೆ ಬಿದ್ದು, ಮುಂದೆ ಅವಳಿಂದ ಮೊಮ್ಮಕ್ಕಳಿಗೆ ಹೋಗುತ್ತಿತ್ತು.

ಇಬ್ಬರೇ ಹೊರಡುವ ಕಾಲ ಬಂದಿರುವುದರಲ್ಲಿ ತಪ್ಪೇನಿಲ್ಲ. ಒಬ್ಬರನ್ನೊಬ್ಬರು ಅರಿಯಲು ಅವರಿಗೆ ಏಕಾಂತ ಬೇಕು, ಹಿಂದಿನ ತಲೆಮಾರಿನ ಹೆಣ್ಣುಮಕ್ಕಳಿಗೆ ಅದು ಸಿಗದೇ ಹೋದದ್ದು ನಷ್ಟವೇ. ಹಾಗೆ ಹೊರಟವರು ಹಿರಿಯರ ಬಾಯಿಂದ ಬರುತ್ತಿದ್ದುದನ್ನು ತಾವೇ ಕೇಳಿ, ಓದಿ ತಿಳಿದುಕೊಳ್ಳಬೇಕಾಗುತ್ತದೆ. ಕೈದಾಳದಲ್ಲಿ ಅರ್ಧ ಗಂಟೆ ಹೆಚ್ಚು ನಿಂತರೆ ಜಕಣನ ಕೈಯ ಕಥೆಯ ಜೊತೆಗೆ ಭೀಮಲೆಯ ಕೆರೆಯ ಮಾತೂ ಬಾಳಿನ ಆರಂಭದಲ್ಲೇ ಅವರಿಗೆ ದಕ್ಕೀತು.